ಚಳಿ ಹತ್ತಿದ ದೇವರು

“ಇವತ್ತ ಎಲ್ಲಿ ಅಡಗೀಯೋ ನಮ್ಮಪ್ಪಾ?”

ಗುಡಿಯೊಳಗೆ ಬೇರೆ ಯಾರೂ ಇರಲಿಲ್ಲ. ಪೂಜಾರಿ ಖಂಡಪ್ಪ ಮೊಣಕಾಲೂರಿ, ಕೆನ್ನೆಯನ್ನು ಫರಸಿಕಲ್ಲಿಗೆ ಹಚ್ಚಿ, ದೀಪದ ಕಂಬದ ಬುಡವನ್ನು ಇಣುಕುತ್ತ ಕೇಳಿದ ಮಾತು ಅದು. ಕಸಬರಿಗೆ ಹಿಡಿದು ಆಗತಾನೇ ಹೊಸ್ತಿಲಿಗೆ ಬಂದ ಸೊಸೆ ಮಲ್ಲಿಕಮ್ಮ ಉತ್ತರ ಕೊಡಲಿಲ್ಲ. ತನ್ನನ್ನು ಕೇಳಿದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ದೇವರನ್ನು ಕೇಳಿದ್ದು ಎನ್ನೋಣವೆಂದರೆ ದೇವರು ಎಲ್ಲಿದ್ದಾನೆಂಬುದೇ ಗೊತ್ತಿರಲಿಲ್ಲ.

ಸಿಕ್ಕಿದ್ದು ಗೋಡೆಯ ಮೂಲೆಯಲ್ಲಿ, ಎರಡು ಕಲ್ಲಿನ ಸಂದಿಯೊಳಗೆ. ರಾತ್ರಿ ಇಲಿ ಓಡಾಡಿರಬೇಕು, ದೇವರು ಚೂರುಚೂರಾಗಿದ್ದ. ಖಂಡಪ್ಪ ಬಿಲ್ವದ ಎಲೆಯಿಂದ ಮೆಲ್ಲಗೆ ದೂಡಿದ. ಬೆಳ್ಳಿಯ ಹನಿಗಳು ಹೊರಳಿದವು, ಒಂದನ್ನೊಂದು ಮುಟ್ಟಿದ ಗಳಿಗೆಯಲ್ಲೇ ಕೂಡಿಕೊಂಡು ಒಂದಾದವು. ಎಲೆಯ ಮೇಲೆ ಏರಿಸಿಕೊಂಡು, ನಡುಗುವ ಕೈಯಿಂದ ಅದನ್ನು ಪೀಠದ ಕುಳಿಗೆ ಇಳಿಸುವಷ್ಟರಲ್ಲಿ ಒಂದು ಹನಿ ಜಾರಿ ಮತ್ತೆ ಮೂಲೆಗೆ ಓಡಿತು.

“ಆಟ ಆಡತಾನ,” ಎಂದು ಖಂಡಪ್ಪ ನಕ್ಕ. ನಕ್ಕಾಗ ಅವನ ಒಸಡು ದಾಳಿಂಬೆಯ ಕಾಳಿನಂತೆ ಕೆಂಪಗೆ ಕಂಡಿತು.

ಊರಿನ ಹೆಸರು ಹೊಸ ಕರಿಗುಡ್ಡ. ಹಳೇ ಕರಿಗುಡ್ಡ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಸರಕಾರ ಕೆಂಭಾವಿಯ ಹಾದಿಯಲ್ಲಿ, ಕಾಲುವೆಯ ದಂಡೆಗೆ, ಗೆರೆ ಎಳೆದಂತೆ ಕಟ್ಟಿಸಿಕೊಟ್ಟ ಊರು. ಮನೆಗಳಿಗೆ ನಂಬರು ಬರೆದವರು ಗುಡಿಗೂ ಒಂದು ನಂಬರು ಬರೆದರು. ಆದರೆ ಗುಡಿಗೆ ದೇವರಿರಲಿಲ್ಲ. ಹಳೇ ಊರಿನ ಲಿಂಗವನ್ನು ಕೀಳಲು ಹೋಗಿ ಹಾರೆಗಳು ಬಾಗಿದವು, ಹಗ್ಗ ಹರಿಯಿತು, ಅಷ್ಟರಲ್ಲಿ ನೀರು ಮೊಣಕಾಲಿಗೆ ಬಂತು. ಜನ ಎದ್ದು ಬಂದರು, ದೇವರು ಕುಳಿತಲ್ಲೇ ಕುಳಿತ. ಹೊಸ ಗುಡಿಯಲ್ಲಿ ನೆಲದ ಮಟ್ಟಕ್ಕೊಂದು ಕಲ್ಲಿನ ಪೀಠ, ಪೀಠದ ನಡುವೆ ಬರಿಯ ಕುಳಿ. ಆ ಕುಳಿಗೇ ವಿಭೂತಿ, ಕುಳಿಗೇ ಹೂವು, ಕುಳಿಗೇ ನೈವೇದ್ಯ. ಸುತ್ತಲಿನ ಊರವರು ಕರಿಗುಡ್ಡದವರನ್ನು ಕಂಡರೆ, “ಏನ್ರಿ, ನಿಮ್ಮ ತಗ್ಗಪ್ಪ ಆರಾಮ ಅದಾನೇನ್ರಿ?” ಎಂದು ಕೇಳುತ್ತಿದ್ದರು.

ಅಂಥ ಗುಡಿಯ ಪಡಸಾಲೆಗೆ ಒಂದು ಶ್ರಾವಣದಲ್ಲಿ ಗುಜರಿ ವ್ಯಾಪಾರದ ನಸೀರುದ್ದೀನ ಮಳೆಗೆ ಸಿಕ್ಕು ಬಂದು ಕುಳಿತ. ಶಹಾಪುರದಲ್ಲಿ ಬಾಗಿಲು ಮುಚ್ಚಿದ ಯಾವುದೋ ಖಾಸಗಿ ದವಾಖಾನೆಯ ಸಾಮಾನು ಅವನ ಗಾಡಿಯಲ್ಲಿತ್ತು. ಅದರೊಳಗೆ ಬಿ.ಪಿ. ನೋಡುವ ಹಳೆಯ ಡಬ್ಬಿಗಳ ರಾಶಿ. ಮಳೆ ನಿಲ್ಲುವ ತನಕ ಕೈ ಖಾಲಿ ಯಾಕಿರಲಿ ಎಂದು ಅವನು ಡಬ್ಬಿಗಳ ಗಾಜಿನ ನಳಿಗೆ ಒಡೆದು, ಒಳಗಿನ ಪಾದರಸವನ್ನು ಒಂದು ಸೀಸೆಗೆ ಬಸಿದ. ಸೀಸೆ ಕೈಜಾರಿತು.

ಗುತ್ತಿಗೆದಾರ ಗುಡಿಯ ನೆಲವನ್ನು ಹೊರಗೆ ಇಳಿಜಾರು ಮಾಡುವ ಬದಲು ಒಳಗೆ ಇಳಿಜಾರು ಮಾಡಿದ್ದ. ಮಳೆಗಾಲದಲ್ಲಿ ಊರಿನ ನೀರೆಲ್ಲ ಗರ್ಭಗುಡಿಗೇ ಹೋಗುತ್ತಿತ್ತು. ಆ ದಿನ ನೀರಿನ ಜೊತೆ ಪಾದರಸವೂ ಹೋಯಿತು. ಪಡಸಾಲೆ ದಾಟಿ, ಹೊಸ್ತಿಲಿನ ತೂತು ದಾಟಿ, ನಂದಿಯನ್ನು ಬಲಕ್ಕೆ ಬಿಟ್ಟು, ನೆಟ್ಟಗೆ ಪೀಠದ ಕುಳಿಯೊಳಗೆ ಇಳಿದು ನಿಂಬೆಹಣ್ಣಿನಷ್ಟು ದಪ್ಪಗೆ ಥಳಥಳಿಸುತ್ತ ಕುಳಿತುಬಿಟ್ಟಿತು.

“ಅರೆ, ಹಿಡೀರಿ! ನನ್ನ ಮಾಲು!” ಎಂದು ನಸೀರುದ್ದೀನ ಹಿಂದೆ ಓಡಿದ.

ಒಳಗೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಖಂಡಪ್ಪನ ಹೆಂಡತಿ ದೇವಕಮ್ಮ ಎರಡೂ ಕೈ ಅಡ್ಡ ಹಿಡಿದಳು. “ಮುಟ್ಟಬ್ಯಾಡೋ ಯಪ್ಪಾ ನಸೀರಣ್ಣ! ತಾನಾಗೇ ನಡದು ಬಂದಾನ!”

“ಅವ್ವಾರ, ಅದು ಗುಜರಿರಿ.”

“ನೀ ತಂದಾಗ ಗುಜರಿ. ಕುಂತ ಮ್ಯಾಲ ದೇವ್ರು.”

ಅಂದಿನಿಂದ ನಸೀರುದ್ದೀನನ ವ್ಯಾಪಾರ ಕೆಟ್ಟಿತು. ಹೆಣ್ಣುಮಕ್ಕಳು ಅವನ ಗಾಡಿಯ ಗಾಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಳೇ ತಗಡು ತೂಗಿಸುವಾಗ ಚೌಕಾಶಿ ಮಾಡುವುದನ್ನು ಬಿಟ್ಟರು. ಚೌಕಾಶಿ ಇಲ್ಲದ ವ್ಯಾಪಾರ ಅವನಿಗೆ ಉಪ್ಪಿಲ್ಲದ ಊಟವಾಯಿತು. ಖಂಡಪ್ಪನಾದರೋ ಏಕತಾರಿ ಹಿಡಿದು ಹೊಸ ಪದ ಕಟ್ಟಿದ:

ಮುಟ್ಟಿದರ ಓಡತಾನ, ಬಿಟ್ಟರ ಕೂಡತಾನ
ಒಡೆದರ ಒಂದಾಗಿ ನಗತಾನ
ಕಲ್ಲಾಗಿ ಮುಳುಗಿದ್ದ, ನೀರಾಗಿ ಬಂದಾನ
ಕರಿಗುಡ್ಡದವರ ಮನಿದೇವ.

ಮಲ್ಲಿಕಮ್ಮನಿಗೆ ಆ ಪದ ಇಷ್ಟವಾಯಿತು. ಅಜ್ಜಿ ಬೀಸುವ ಕಲ್ಲಿನ ಮುಂದೆ ಹೇಳುತ್ತಿದ್ದ ಶಿವನ ಹಾಡುಗಳನ್ನು ಕೇಳುತ್ತಲೇ ಬೆಳೆದ ಹೆಣ್ಣು ಅವಳು. ಹಾಡಲು ಬಾರದು, ಕೇಳಲು ಬರುತ್ತಿತ್ತು. ಮದುವೆಯಾದ ಮೇಲೆ ಎರಡು ಸಲ ಬಸಿರಾಗಿ ಎರಡು ಸಲವೂ ನಿಂತಿರಲಿಲ್ಲ. ದೇವರು ಬಂದ ಮರುತಿಂಗಳು ಮತ್ತೆ ಬಸಿರಾದಳು. ಈ ಸಲ ನಿಂತಿತು. ಸೈದಾಪುರದ ಕಡೆ ಕಡೇಚೂರಿನ ಕಾರ್ಖಾನೆಯಲ್ಲಿ ದುಡಿಯುವ ಗಂಡ ಹಣಮಂತ್ರಾಯ ಫೋನಿನಲ್ಲಿ ಅತ್ತ. ಅತ್ತೆ ದೇವಕಮ್ಮ ಊರೆಲ್ಲ ಸಕ್ಕರೆ ಹಂಚಿದಳು. ಕೂಸನ್ನು ಕೊಟ್ಟವನು ಯಾರೆಂದು ಯಾರೂ ಚರ್ಚೆ ಮಾಡಲಿಲ್ಲ. ಬೆಳಗಿನ ಮೊದಲ ತೀರ್ಥ ಮಲ್ಲಿಕಮ್ಮನಿಗೆ; ಸಂಜೆಯ ಭಜನೆಯಲ್ಲಿ ದೇವರಿಗೆ ಎಲ್ಲರಿಗಿಂತ ಹತ್ತಿರದ ಜಾಗವೂ ಮಲ್ಲಿಕಮ್ಮನಿಗೆ.

ಆಮೇಲೆ ಚಳಿ ಬಂತು.

ಹಳೇ ಕರಿಗುಡ್ಡದಲ್ಲಿ ಒಂದು ಪದ್ಧತಿಯಿತ್ತು. ನದಿಯ ದಂಡೆಯ ಊರು. ಮಾರ್ಗಶಿರ, ಪುಷ್ಯದ ಗಾಳಿಗೆ ಮನುಷ್ಯರಿಗೇ ಹಲ್ಲು ಕಟಕಟ ಎನ್ನುವಾಗ ಕಲ್ಲಾಗಿ ಕುಳಿತವನ ಗತಿ ಏನು? ಹಾಗಾಗಿ ಆ ಎರಡು ತಿಂಗಳು ದೇವರ ಮಗ್ಗುಲಿಗೆ ಕೆಂಡ ತುಂಬಿದ ಅಗ್ಗಿಷ್ಟಿಗೆ ಇಟ್ಟು, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಒಳಗೆ ಕೂತು ಭಜನೆ ಮಾಡುವುದು. ಕಲ್ಲಿನ ಲಿಂಗಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ. ಹೊಸ ದೇವರಿಗೂ ಅದೇ ಪ್ರೀತಿ ಮಾಡಿದರು. ಅಷ್ಟೇ ಅಲ್ಲ, ಇವನು ನೀರಿನ ಮೈಯವ, ಚಳಿ ಜಾಸ್ತಿ ಎಂದು ಖಂಡಪ್ಪ ಅಗ್ಗಿಷ್ಟಿಗೆಯನ್ನು ಪೀಠಕ್ಕೆ ತಾಗಿಸಿಯೇ ಇಟ್ಟ.

ಮೊದಲು ಬದಲಾದದ್ದು ತಾಳ. ಖಂಡಪ್ಪನ ಕೈಯ ತಾಳ ತಾನಾಗಿಯೇ ದುಪ್ಪಟ್ಟು ವೇಗ ಹಿಡಿಯಿತು. ಯಾವ ಪದ ಎತ್ತಿಕೊಂಡರೂ ಕುದುರೆಯ ಓಟ. ಮೇಳದವರು ಬೆನ್ನು ಹತ್ತಲಾರದೆ ಏದುಸಿರು ಬಿಟ್ಟರು. ನಂತರ ಅವರ ಕೈಗಳೂ ನಡುಗತೊಡಗಿದವು. ಎಲ್ಲರೂ ಒಟ್ಟಿಗೆ ಓಡಿದರು. ಅದಕ್ಕೆ ‘ಕಳೆ ಬರುವುದು’ ಎಂದು ಹೆಸರಾಯಿತು. ಕಳೆ ಬಂದವರನ್ನು ಮುಂದೆ ಕೂರಿಸುತ್ತಿದ್ದರು. ಬಾರದವರು ಮನೆಯಲ್ಲಿ ಕೂತು ಕೈ ನಡುಗಿಸುವುದನ್ನು ರೂಢಿ ಮಾಡಿಕೊಂಡರು. ಹಿಟ್ಟಿನ ಗಿರಣಿಯ ಮರಿಲಿಂಗಪ್ಪ ಹುಟ್ಟಾ ನಡುಗುವ ಮನುಷ್ಯ, ಗಿರಣಿಯ ಪಟ್ಟ ನಿಂತರೂ ಅವನ ಮೈ ನಿಲ್ಲುತ್ತಿರಲಿಲ್ಲ. ಅವನು ತನಗೇ ಮೊದಲು ಕಳೆ ಬಂದದ್ದೆಂದು ಜಗಳ ತೆಗೆದ.

ಊರ ಹಿರಿಯ ಪರಮಣ್ಣನದು ಬೇರೆಯೇ ಕತೆ. ಅವನು ಈ ದಂಡೆಗೆ ನಿಂತು ಕೂಗಿದರೆ ಕಾಲುವೆಯ ಆ ದಂಡೆಯ ಎತ್ತು ನಿಲ್ಲುತ್ತಿತ್ತು. ಪ್ರತಿ ಸಂಜೆ ಭಜನೆಗೆ ಬರುತ್ತಿದ್ದ ಅವನಿಗೆ ಪುಷ್ಯದ ಹೊತ್ತಿಗೆ ವಿಪರೀತ ನಾಚಿಕೆ ಹತ್ತಿತು. ಯಾರಾದರೂ “ಆರಾಮೇನ್ರಿ?” ಎಂದರೆ ಕೆನ್ನೆ ಕೆಂಪೇರಿ ಹೆಂಡತಿಯ ಸೆರಗಿನ ಹಿಂದೆ ಸರಿಯುತ್ತಿದ್ದ. ಹೆಂಡತಿ ಅಮಾಯಕಳಂತೆ, “ಇವರು ಮದವಿ ದಿನದಾಗ ಇಷ್ಟ ನಾಚಿದ್ದಿಲ್ಲರಿ,” ಎನ್ನುತ್ತಿದ್ದಳು. ಭಕ್ತಿ ಬಲಿತರೆ ಗಂಡಸೂ ಹೆಣ್ಣಿನಂತೆ ಬಳುಕುತ್ತಾನೆ ಎಂದು ಖಂಡಪ್ಪ ಅರ್ಥ ಬಿಡಿಸಿದ.

ಇನ್ನೊಂದು ಸಂಗತಿ ಎಲ್ಲರ ಕಣ್ಣಿಗೂ ಬಿದ್ದಿತ್ತು, ಬಾಯಿಗೆ ಬಂದಿರಲಿಲ್ಲ. ದೇವರು ಸೊರಗುತ್ತಿದ್ದ. ನಿಂಬೆಹಣ್ಣಿನಷ್ಟಿದ್ದವನು ಅಡಿಕೆಯಷ್ಟಾದ, ಅಡಿಕೆಯಷ್ಟಿದ್ದವನು ಬಾರೆಹಣ್ಣಿನಷ್ಟಾದ. “ನಮ್ಮ ಸಲುವಾಗಿ ಉಪವಾಸ ಕುಂತಾನ,” ಎಂದು ದೇವಕಮ್ಮ ನೈವೇದ್ಯಕ್ಕೆ ತುಪ್ಪ ಜಾಸ್ತಿ ಮಾಡಿದಳು. ಚಳಿಗೆ ಸೊರಗಿದ್ದಾನೆಂದು ಖಂಡಪ್ಪ ಕೆಂಡ ಜಾಸ್ತಿ ಮಾಡಿದ.

ಮಲ್ಲಿಕಮ್ಮನ ಬಾಯಿಗೆ ಯಾವಾಗಲೂ ತಾಮ್ರದ ರುಚಿ. ಹಲ್ಲುಜ್ಜಿದರೆ ರಕ್ತ. ಸೂಜಿಗೆ ದಾರ ಪೋಣಿಸಲು ಕುಳಿತರೆ ಸೂಜಿ ಒಂದು ಕಡೆ, ದಾರ ಒಂದು ಕಡೆ. ಅದು ಕಳೆಯೆಂದೇ ಅವಳೂ ನಂಬಿದ್ದಳು. ಆದರೆ ಒಂದು ಹೆದರಿಕೆ ಒಳಗೇ ಕೂತಿತ್ತು: ಹೊಟ್ಟೆಯಲ್ಲಿರುವುದಕ್ಕೂ ಕಳೆ ಬಂದಿದ್ದರೆ? ತೊಟ್ಟಿಲಲ್ಲಿ ಹಾಕಿದ ಕೂಸು ತಾಳದ ಹಾಗೆ ನಡುಗುತ್ತಿದ್ದರೆ?

ನರ್ಸಬಾಯಿ ಅಮೃತಮ್ಮ ತಿಂಗಳ ತಪಾಸಣೆಗೆ ಬಂದಾಗ ಮಲ್ಲಿಕಮ್ಮ ನೀರಿನ ಲೋಟ ಕೊಟ್ಟಳು. ಅರ್ಧ ನೀರು ನರ್ಸಬಾಯಿಯ ಸೀರೆಯ ಮೇಲೆ ಚೆಲ್ಲಿತು. ಅಮೃತಮ್ಮ ಸೀರೆ ಒರೆಸಿಕೊಳ್ಳಲಿಲ್ಲ, ಮಲ್ಲಿಕಮ್ಮನ ಬೆರಳು ನೋಡಿದಳು. ಬಾಯಿ ತೆರೆಸಿ ಒಸಡು ನೋಡಿದಳು.

“ಯಾವಾಗಿಂದ ತಂಗಿ ಇದು?”

“ಭಜನಿಗೆ ಕುಂತಾಗಿಂದ್ರಿ.”

ಅಮೃತಮ್ಮ ಸೀದಾ ಗುಡಿಗೆ ಹೋದಳು. ಕಂಬಳಿ ಸರಿಸಿ ಪೀಠ ನೋಡಿದವಳೇ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು. ಖಂಡಪ್ಪನನ್ನು ಹೊರಗೆ ಕರೆದಳು.

“ಕಾಕಾ, ಇದು ಯಾವಾಗಿಂದ ಇಲ್ಲೈತಿ?”

“ದೇವ್ರಿಗೆ ಇದು ಅನಬ್ಯಾಡ್ರಿ ಬಾಯಿ.”

“ಆತು. ಇವರು ಯಾವಾಗ ಬಂದಾರ?”

“ಶ್ರಾವಣದಾಗ.”

“ಆವಾಗ ಎಷ್ಟ ದಪ್ಪ ಇದ್ರು?”

“ನಿಂಬಿಹಣ್ಣಿನಷ್ಟ.”

“ಈಗ?”

“ಬಾರಿಹಣ್ಣಿನಷ್ಟ.”

“ಉಳದದ್ದೆಲ್ಲಾ ಎಲ್ಲಿ ಹೋತು?”

“ಎಲ್ಲಿ ಹೋಗ್ತಾನ್ರಿ? ನಮ್ಮೊಳಗ ಬಂದಾನ.”

“ಹೌದ್ರಿ ಕಾಕಾ,” ಅಮೃತಮ್ಮ ತಲೆಯಾಡಿಸಿದಳು. “ನಾನೂ ಅದನ್ನ ಹೇಳಾಕತ್ತೇನಿ.”

ಇಷ್ಟು ಬೇಗ ಒಪ್ಪಿಕೊಂಡವರನ್ನು ಖಂಡಪ್ಪ ಕಂಡಿರಲಿಲ್ಲ. ಕೈ ಮುಗಿದ. ಅವಳು ಮಾತು ಮುಂದುವರಿಸಿದಾಗ ಮುಗಿದ ಕೈ ಮೆಲ್ಲಗೆ ಬಿಚ್ಚಿಕೊಂಡಿತು.

“ಪಾದರಸಕ್ಕ ಕಾವು ಹತ್ತಿದ್ರ ಆವಿ ಆಗ್ತೈತಿ. ಕಣ್ಣಿಗೆ ಕಾಣಸಾಂಗಿಲ್ಲ, ವಾಸನಿ ಇಲ್ಲ. ಬಾಗಲಾ ಹಾಕ್ಕೊಂಡು ಕುಂತು ಎಲ್ಲಾರೂ ಅದನ್ನ ಉಸುರಾಡೀರಿ. ರಕ್ತದಾಗ ಹೋಗಿ ನರಕ್ಕ ಕೂಡ್ತೈತಿ, ಮೂತ್ರಪಿಂಡಕ್ಕ ಕೂಡ್ತೈತಿ. ಅದಕ್ಕ ಕೈ ನಡಗತಾವ, ಅದಕ್ಕ ಪರಮಣ್ಣ ಕಾಕಾ ನಾಚತಾರ. ದೊಡ್ಡವರು ಇದನ್ನ ಬಿಟ್ಟು ದೂರ ಇದ್ರ ನಿಧಾನ ಸುಧಾರಿಸ್ತೀರಿ. ಹೊಟ್ಯಾಗಿನ ಕೂಸಿನ ನರ ಈಗಿನ್ನೂ ಕಟ್ಟಾಕತ್ತಾವ, ಅದಕ್ಕ ತಡಿಯೂ ಶಕ್ತಿ ಇಲ್ಲ. ಮಲ್ಲಿಕಮ್ಮನ್ನ ಇವತ್ತಿಂದ ಇದರೊಳಗ ಕೂಡಸಬ್ಯಾಡ್ರಿ, ಆ ನೀರು ಕುಡಸಬ್ಯಾಡ್ರಿ. ಯಾದಗಿರಿ ದವಾಖಾನಿಗೆ ಕರಕೊಂಡ ಹೋಗಿ ತಪಾಸ ಮಾಡಸ್ತೀನಿ.”

“ಕೂಸಿಗೆ ಏನಾರ ಆಗೈತೇನ್ರಿ?” ಮಲ್ಲಿಕಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

ಅಮೃತಮ್ಮ ಸುಳ್ಳು ಹೇಳಲಿಲ್ಲ. “ಗೊತ್ತಿಲ್ಲ ತಂಗಿ. ಇನ್ನ ಮುಂದ ಆಗಲಾರದಂಗ ನೋಡಬಹುದು.”

ಮರುದಿನ ಮುಂಜಾನೆ ಗುಡಿಯ ಮುಂದೆ ಊರು ಕೂಡಿತು. ಪರಮಣ್ಣ ಹಿರಿಯನಾದ್ದರಿಂದ ಅವನಿಲ್ಲದೆ ಪಂಚಾಯಿತಿ ನಡೆಯುವಂತಿರಲಿಲ್ಲ. ಅವನು ಬೇವಿನ ಗಿಡದ ಹಿಂದೆ ನಿಂತು ಹೆಂಡತಿಯ ಕಿವಿಯಲ್ಲಿ ಹೇಳುವುದು, ಅವಳು ಜನಕ್ಕೆ ಹೇಳುವುದು ಎಂದಾಯಿತು. ನಸೀರುದ್ದೀನನನ್ನೂ ಕರೆಸಿದ್ದರು.

“ನನಗೂ ಕೈ ನಡಗತಾವ್ರಿ,” ಎಂದು ಅವನು ಬಂದವನೇ ಎರಡೂ ಕೈ ಚಾಚಿ ತೋರಿಸಿದ. “ಎಷ್ಟ ವರ್ಷ ಆತು ಇಂಥಾ ಮಾಲು ಒಡಿಯಾಕತ್ತು. ನನಗ ಯಾರೂ ಮುಂದ ಕರದು ಕೂಡಸಲಿಲ್ಲಲ್ಲ!”

“ನಿಮ್ಮದು ಕಸುಬಿನ ನಡುಗು, ನಮ್ಮದು ಭಕ್ತಿ ನಡುಗು,” ಎಂದ ಮರಿಲಿಂಗಪ್ಪ.

“ಎರಡೂ ಒಂದ ಸೀಸಾದಾಗಿಂದು,” ಎಂದಳು ಅಮೃತಮ್ಮ.

ಗಿಡದ ಹಿಂದೆ ಪಿಸುಮಾತು ನಡೆಯಿತು. ಪರಮಣ್ಣನ ಹೆಂಡತಿ ಗಟ್ಟಿಯಾಗಿ ಹೇಳಿದಳು: “ಇವರು ಅಂತಾರ, ವಿಷಾ ಅಂತ ಇಟ್ಟಕೊಳ್ಳಾಕ ಬರಾಂಗಿಲ್ಲ, ದೇವ್ರು ಅಂತ ಒಗಿಯಾಕ ಬರಾಂಗಿಲ್ಲ. ಕಾಲುವಿಗೆ ಬಿಟ್ಟಬಿಡೂಣು. ಗಣಪತೀನ ಬಿಡಾಂಗಿಲ್ಲೇನು?”

ಜನಕ್ಕೆ ಈ ಮಾತು ಹಿಡಿಸಿತು. ನೀರಿನಿಂದ ಬಂದವನು ನೀರಿಗೇ ಹೋಗಲಿ. ಹರಿದು ಹೋಗಿ ಹಳೇ ಊರಿನಲ್ಲಿ ಮುಳುಗಿ ಕುಳಿತ ಅಣ್ಣನನ್ನು ಕೂಡಲಿ.

“ಕಾಲುವಿ ಆ ಕಡೆ ಹರಿಯಾಂಗಿಲ್ಲರಿ,” ಅಮೃತಮ್ಮ ಎದ್ದು ನಿಂತಳು. “ಡ್ಯಾಮಿನಿಂದ ಈ ಕಡೆ ಬರ್ತೈತಿ. ನೀವು ಬಿಟ್ಟದ್ದು ಹೊಲಕ್ಕ ಹೋಗ್ತೈತಿ, ಹೆಚ್ಚಾದದ್ದು ಹಳ್ಳ ಹಿಡದು ಕೆರಿಗೆ ಹೋಗ್ತೈತಿ. ಕೆರಿ ರಾಡ್ಯಾಗ ಅದು ಇನ್ನಷ್ಟ ಕೆಟ್ಟ ಆಗಿ ಸಣ್ಣ ಹುಳಕ್ಕ ಸೇರ್ತೈತಿ. ಹುಳ ಮೀನ ತಿಂತೈತಿ, ಅಲ್ಲ, ಮೀನ ಹುಳ ತಿಂತೈತಿ. ಸಣ್ಣ ಮೀನ ದೊಡ್ಡ ಮೀನ ತಿಂದು… ನೋಡ್ರಿ, ನಿಮ್ಮ ಕೂಡ ಮಾತಾಡಿ ನನಗೂ ಉಲ್ಟಾ ಹತ್ತೇತಿ! ಬೋನಾಳ ಕೆರಿ ಹಕ್ಕಿ ಆ ಮೀನ ತಿಂತಾವ, ಕೆಂಭಾವಿ ಸಂತ್ಯಾಗ ಜನ ತಿಂತಾರ.”

“ನಾವು ಮೀನ ತಿನ್ನಾಂಗಿಲ್ಲಲ್ಲ,” ಎಂದ ಖಂಡಪ್ಪ. “ಮೀನಕ್ಕ ದೇವ್ರನ್ನ ತಿನ್ನು ಅಂತ ನಾವು ಹೇಳೇವೇನು?”

“ನಾ ತಿಂತೀನಲ್ಲೋ ಖಂಡಪ್ಪಣ್ಣ!” ನಸೀರುದ್ದೀನ ಎದೆ ಬಡಿದುಕೊಂಡ. “ಜುಮ್ಮಾ ಜುಮ್ಮಾ ತಿಂತೀನಿ! ನಿಮ್ಮ ದೇವ್ರು ತಿರಗಿ ನನ್ನ ಮನಿಗೇ ಬರ್ತಾನ!”

ಜನ ನಕ್ಕರು. ಖಂಡಪ್ಪ ನಗಲಿಲ್ಲ. ಅವನ ಗಡ್ಡ ನಡುಗುತ್ತಿತ್ತು. ಪಾದರಸಕ್ಕೋ ದುಃಖಕ್ಕೋ ಹೇಳಲಾಗದು. “ನಮ್ಮಪ್ಪ ವಿಷಾ ಕುಡದ ಲೋಕ ಉಳಿಸಿದವ. ವಿಷಾ ಕುಡದವ ತಾನ ಹ್ಯಾಂಗ ವಿಷಾ ಆಗ್ತಾನ್ರಿ ಬಾಯಿ? ಅದನ್ನಷ್ಟ ಹೇಳ್ರಿ.”

ಹೆಣ್ಣುಮಕ್ಕಳ ಸಾಲಿನಿಂದ ಸಣ್ಣ ದನಿ ಬಂತು. ಊರ ನಡುವೆ ಎಂದೂ ಬಾಯಿ ಬಿಡದ ಮಲ್ಲಿಕಮ್ಮನ ದನಿ.

“ಮಾವ, ಆತ ಕುಡೀಲಿಲ್ಲರಿ. ಕೊರಳಾಗ ಹಿಡದ. ಹೊಟ್ಯಾಗ ಲೋಕ ಅದಾವ, ಇಳೀಬಾರದು ಅಂತ ಅವ್ವ ಪಾರ್ವತಿ ಕೊರಳ ಒತ್ತಿ ಹಿಡದ್ಲು. ನಮ್ಮ ಅಜ್ಜಿ ಹಂಗ ಹೇಳತಿದ್ಲು.”

ಖಂಡಪ್ಪ ಸೊಸೆಯ ಮುಖ ನೋಡಿದ, ಹೊಟ್ಟೆ ನೋಡಿದ, ನೆಲ ನೋಡಿದ. “ಹೌದು, ಹಂಗ ಐತಿ ಪುರಾಣದಾಗ,” ಎಂದ.

ಅಮೃತಮ್ಮ ಹೇಳಿದಂತೆ ಕೆಂಡ ಆರಿಸಿದರು, ಕಂಬಳಿ ಕಿತ್ತರು, ಬಾಗಿಲು ಕಿಟಕಿ ತೆರೆದಿಟ್ಟರು. ದೇವರನ್ನು ಕಾಗದದ ತುಣುಕಿನಿಂದ ಎತ್ತಿ ದೇವಕಮ್ಮನ ಉಪ್ಪಿನಕಾಯಿ ಭರಣಿಗೆ ಇಳಿಸಿ, ಮೇಲೆ ನೀರು ತುಂಬಿ, ಮುಚ್ಚಳ ಬಿಗಿದು ಹಿತ್ತಲ ಚಪ್ಪರದ ನೆರಳಿಗಿಟ್ಟರು. ಯಾದಗಿರಿಯಿಂದ ಸರಕಾರಿ ಗಾಡಿ ಬಂದು ಅದನ್ನು ಒಯ್ಯುವ ತನಕ ಯಾರೂ ತೆರೆಯಬಾರದು. ದೇವಕಮ್ಮ ದಿನಾ ಮುಂಜಾನೆ ಮುಚ್ಚಳದ ಮೇಲೆ ಹೂವಿಟ್ಟು ಅಳುತ್ತಿದ್ದಳು. “ಕಾರದ ವಾಸನಿ ಹೋಗಿಲ್ಲೋ ನಮ್ಮಪ್ಪಾ, ಹ್ಯಾಂಗ ತಡಕೊಂಡೀದಿ.”

ಅವಳ ಅಳುವಿನ ಒಳಗೆ ಇನ್ನೊಂದು ಅಳುವಿತ್ತು. ಕೂಸು ದೇವರ ಜೊತೆ ಬಂದದ್ದು. ದೇವರು ಗಾಡಿ ಹತ್ತಿ ಹೋದರೆ, ಹಿಂದಿನ ಎರಡರಂತೆ ಇದೂ ಬೆನ್ನು ಹತ್ತಿ ಹೋದರೆ? ಈ ಮಾತನ್ನು ಅವಳು ಗಂಡನ ಕಿವಿಯಲ್ಲಿ ಹಗಲೆಲ್ಲ ಹೇಳಿದಳು. ಖಂಡಪ್ಪ ಮೊದಲು ಬೈದ, ಆಮೇಲೆ ಹಿತ್ತಲ ಭರಣಿಯ ಕಡೆ ನೋಡತೊಡಗಿದ.

ಗಾಡಿ ಬರುವ ಮೊದಲೇ ಐದನೇ ತಿಂಗಳ ಸೀಮಂತ, ಕುಬ್ಸದ ದಿನ ಬಂತು. ಮಲ್ಲಿಕಮ್ಮ ಹಸಿರು ಸೀರೆ ಉಟ್ಟಳು, ಮುತ್ತೈದೆಯರು ಮೊಣಕೈ ತನಕ ಹಸಿರು ಬಳೆ ಇಡಿಸಿದರು. ನಡುಗುವ ಕೈಗೆ ಬಳೆ ತೊಟ್ಟದ್ದೇ ತಡ, ಅವಳು ಸುಮ್ಮನೆ ಕೂತರೂ ಕಿಣಿಕಿಣಿ ಕೇಳತೊಡಗಿತು. “ನಮ್ಮ ಮಲ್ಲಿ ಎಲ್ಲಿದಾಳ ಅಂತ ಹುಡುಕೋದ ಬ್ಯಾಡ,” ಎಂದು ಗೆಳತಿಯರು ಚೇಷ್ಟೆ ಮಾಡಿದರು. ಸೋಬಾನೆ ಮುಗಿದ ಮೇಲೆ ದೇವಕಮ್ಮ ಸೊಸೆಯ ಕೈ ಹಿಡಿದು, “ಗುಡಿಗೆ ಹೋಗಿ ಕಾಯಿ ಒಡದು ಬರೂಣು ಬಾ,” ಎಂದು ಕರೆದೊಯ್ದಳು. ಹೆಣ್ಣುಮಕ್ಕಳೆಲ್ಲ ಬೆನ್ನು ಹತ್ತಿದರು.

ಗುಡಿಯ ಬಾಗಿಲಿಗೆ ಮತ್ತೆ ಕಂಬಳಿ ಇಳಿದಿತ್ತು. ದೇವಕಮ್ಮ ಅದನ್ನು ಸರಿಸಿದಾಗ ಒಳಗಿನ ಕಾವು ಮಲ್ಲಿಕಮ್ಮನ ಮುಖಕ್ಕೆ ತಾಗಿತು. ಅಗ್ಗಿಷ್ಟಿಗೆಯಲ್ಲಿ ಕೆಂಡ ನಿಗಿನಿಗಿ. ಪೀಠದ ಪಕ್ಕ ಖಾಲಿ ಭರಣಿ. ಕುಳಿಯೊಳಗೆ ಬಾರೆಹಣ್ಣಿನಷ್ಟು ದೇವರು ಹೊಳೆಯುತ್ತ ಕೂತಿದ್ದ. ಖಂಡಪ್ಪ ಏಕತಾರಿ ಹಿಡಿದು ಸೊಸೆಯ ಕಣ್ಣು ತಪ್ಪಿಸಿ ಗೋಡೆ ನೋಡುತ್ತಿದ್ದ.

ಮಲ್ಲಿಕಮ್ಮ ಹೊಸ್ತಿಲಲ್ಲೇ ನಿಂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಬಾ ಯವ್ವಾ,” ದೇವಕಮ್ಮ ಒಳಗೆ ಹೋಗಿ ಚಾಪೆ ಹಾಸಿದಳು. “ನಾಳಿಗೆ ಗಾಡಿ ಬರ್ತೈತಂತ. ಒಂದ ಪದ ಮುಗಿಯೂತನ ಕೂಡು ಸಾಕು. ಕೊಟ್ಟಾಂವ ಹೋಗೂ ಮುಂದ ಹರಸಿ ಹೋಗ್ಲಿ.”

“ನರ್ಸಬಾಯಿ ಬ್ಯಾಡ ಅಂದಾರ್ರಿ ಅತ್ತಿ.”

“ಆಕಿ ಕೊಟ್ಟಾಳೇನು ಕೂಸು?” ದೇವಕಮ್ಮನ ದನಿ ಒಡೆಯಿತು. “ಎರಡು ಹ್ವಾದಾಗ ನಿನ್ನ ಹಾಸಿಗಿ ತೊಳದಾಕಿ ನಾನು. ಇದೂ ಹೋದ್ರ ನನ್ನ ಕಡಿಂದ ಆಗಾಂಗಿಲ್ಲ. ನೀ ಬೇಡೂದನ್ನ ನಾನೂ ಬೇಡಾಕತ್ತೇನಿ ಮಲ್ಲಿ, ಬ್ಯಾರೆ ಏನೂ ಬೇಡವಲ್ಲೆ. ನಿನ್ನ ಕಾಲ ಬೀಳ್ತೀನಿ, ಒಳಗ ಬಾ.”

ಹಿಂದಿನ ಹೆಣ್ಣುಮಕ್ಕಳು ಉಸಿರು ಬಿಗಿಹಿಡಿದರು. ಅತ್ತೆ ಸೊಸೆಯ ಕಾಲಿಗೆ ಬೀಳುವ ಮಾತಾಡಿದ್ದನ್ನು ಆ ಊರು ಕೇಳಿರಲಿಲ್ಲ. ಯಾರೋ ಮೆಲ್ಲಗೆ, “ಹೋಗವ್ವಾ, ಒಂದ ಪದ,” ಎಂದು ಬೆನ್ನ ಮೇಲೆ ಕೈಯಿಟ್ಟರು.

ಮಲ್ಲಿಕಮ್ಮ ಆ ಕೈ ತೆಗೆದಳು. ಹೊಸ್ತಿಲಿಂದ ಹಿಂದೆ ಸರಿದು ಬಿಸಿಲಿಗೆ ಬಂದು ನಿಂತಳು. ಅಲ್ಲಿಂದಲೇ ಪೀಠದ ಕಡೆ ತಿರುಗಿ, ಹೆದರಿಕೆಯಿಂದಲ್ಲ, ಪ್ರೀತಿಯಿಂದಲೇ ಕೈ ಮುಗಿದಳು. ಆಮೇಲೆ ಮುಗಿದ ಕೈ ಇಳಿಸಿ ಹೊಟ್ಟೆಯ ಮೇಲಿಟ್ಟುಕೊಂಡಳು.

“ಒಲ್ಲೆ ಅತ್ತಿ,” ಎಂದಳು. “ನಾ ಒಳಗ ಬರಾಂಗಿಲ್ಲ.”